ಹುಟ್ಟು ಎತ್ತದೆ ಸಾಗುವ ಹೊತ್ತು: ಅಘನಾಶಿನಿ ಅಳಿವೆಯಲ್ಲಿ ಸದ್ದಿಲ್ಲದ ದೋಣಿಯಾನ

ಪ್ರಶ್ನೆ: ನಾವಿಬ್ಬರು ಬೆಂಗಳೂರಿನಲ್ಲಿದ್ದೇವೆ. ಕೆರೆ, ಹಿನ್ನೀರುಗಳಲ್ಲಿ ನಾಲ್ಕೈದು ಸಲ ಕಯಾಕ್ ನಡೆಸಿದ ಅಭ್ಯಾಸವಿದೆ, ಈಜು ಬರುತ್ತದೆ. ಕಳೆದ ಜನವರಿಯಲ್ಲಿ ಕುಮಟಾ ಹತ್ತಿರ ಅಘನಾಶಿನಿ ಅಳಿವೆಗೆ ಹೋಗಿದ್ದೆವು. ಬೆಳಿಗ್ಗೆ ಹತ್ತಕ್ಕೆ ನೀರಿಗಿಳಿದು ಎರಡು ಗಂಟೆ ಹುಟ್ಟು ಹಾಕಿದರೂ ಕಂಡಿದ್ದು ಹಾರಿಹೋಗುವ ಹಕ್ಕಿಗಳ ಬೆನ್ನು ಮಾತ್ರ. ವಾಪಸು ಬರುವಾಗ ಕೆಸರಿನಲ್ಲಿ ಸಿಕ್ಕಿಕೊಂಡೆವು. ಈ ಡಿಸೆಂಬರ್‌ನಲ್ಲಿ ಇಬ್ಬರು ಕೂರುವ ಕನೂ ದೋಣಿಯಲ್ಲಿ ಮತ್ತೆ ಹೋಗಬೇಕೆಂದಿದ್ದೇವೆ. ನೀರುನಾಯಿ, ಮಿಂಚುಳ್ಳಿ, ವಲಸೆ ಹಕ್ಕಿಗಳನ್ನು ಬೆದರಿಸದೆ ನೋಡುವುದು ಹೇಗೆ? ಯಾವ ಹೊತ್ತಿಗೆ ಹೋಗಬೇಕು, ಎಷ್ಟು ಹತ್ತಿರ ಹೋಗಬಹುದು?

ಉತ್ತರ: ನೀವು ಹತ್ತು ಗಂಟೆಗೆ ಇಳಿದಿರಿ, ಎರಡು ಗಂಟೆ ಹುಟ್ಟು ಹಾಕಿದಿರಿ, ಕೆಸರಿನಲ್ಲಿ ಸಿಕ್ಕಿಕೊಂಡಿರಿ. ಮೂರಕ್ಕೂ ಕಾರಣ ಒಂದೇ: ನೀರಿನ ಗಡಿಯಾರ ನೋಡದೆ ಕೈಗಡಿಯಾರ ನೋಡಿ ಹೊರಟಿದ್ದು. ತೇಲಿಬರುವ ಮರದ ದಿಮ್ಮಿಗೆ ಅಳಿವೆಯ ಹಕ್ಕಿ ಹೆದರುವುದಿಲ್ಲ. ಏಳುತ್ತ ಬೀಳುತ್ತ ಇರುವ ತೋಳು, ಬಿಸಿಲಿಗೆ ಥಳಥಳಿಸುವ ಹುಟ್ಟಿನ ಅಲಗು, ದೋಣಿಯ ಅಂಚಿಗೆ ಬಡಿಯುವ ಟಕ್ ಸದ್ದು ಇವಕ್ಕೆ ಹೆದರುತ್ತದೆ. ಹೋಗುವಾಗಲೂ ಬರುವಾಗಲೂ ನೀರೇ ನಿಮ್ಮನ್ನು ಒಯ್ಯುವಂಥ ದಿನ ಮತ್ತು ಹೊತ್ತನ್ನು ಆರಿಸಿಕೊಂಡರೆ ಹುಟ್ಟಿಗೆ ದಿಕ್ಕು ತಿದ್ದುವ ಕೆಲಸ ಮಾತ್ರ ಉಳಿಯುತ್ತದೆ. ಮಿಕ್ಕ ಕುಶಲತೆಯೆಲ್ಲ ಆಮೇಲಿನ ಮಾತು.

ನೀವು ಆರಿಸಿಕೊಂಡ ಜಾಗ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಅಘನಾಶಿನಿಗೆ ಅಣೆಕಟ್ಟಿಲ್ಲ. ಪಕ್ಕದ ಶರಾವತಿ, ಕಾಳಿ ನದಿಗಳಲ್ಲಿ ವಿದ್ಯುತ್ ಉತ್ಪಾದನೆಗೆ ನೀರು ಬಿಟ್ಟಾಗ ಹರಿವು ಬದಲಾಗುತ್ತದೆ. ಇಲ್ಲಿ ಮಳೆಗಾಲ ಕಳೆದ ಮೇಲೆ ಅಳಿವೆಯ ನೀರನ್ನು ಆಳುವುದು ಚಂದ್ರ ಒಬ್ಬನೇ, ಅವನ ಲೆಕ್ಕ ತಪ್ಪುವುದಿಲ್ಲ. ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುವ, ಕಟ್ಟೆ ಕಟ್ಟಿದ ತಗ್ಗಿನ ಗಜನಿ ಗದ್ದೆ, ಬಳಚು ಎಂಬ ಚಿಪ್ಪುಜೀವಿ ಸಿಗುವ ಮರಳುದಿಬ್ಬ, ಮಾಸೂರು ಕುರ್ವೆ, ಐಗಳಕುರ್ವೆಯಂಥ ನಡುಗಡ್ಡೆ, ಸಾಣಿಕಟ್ಟೆಯ ಉಪ್ಪಿನಾಗರ ಎಲ್ಲವೂ ಒಂದರ ಮಗ್ಗುಲಿಗೆ ಒಂದಿವೆ. 2024ರಲ್ಲಿ ಈ ಅಳಿವೆ ರಾಮ್‌ಸರ್ ಪಟ್ಟಿಗೂ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ಪಟ್ಟಿಗೂ, ಸೇರಿತು.

ಈಗ ಲೆಕ್ಕಕ್ಕೆ ಬರೋಣ. ಒಂದು ಉಬ್ಬರದ ತುದಿಯಿಂದ ಮುಂದಿನ ಉಬ್ಬರದ ತುದಿಗೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇವತ್ತಿನ ಉಬ್ಬರ ನಾಳೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಈ ಕರಾವಳಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ದಿನ ಉಬ್ಬರದ ತುದಿ ಮುಟ್ಟುವುದು ಬೆಳಿಗ್ಗೆ ಹನ್ನೊಂದರ ಆಸುಪಾಸು. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ದ್ವಾದಶಿ, ತ್ರಯೋದಶಿಗಳಲ್ಲಿ ಅದು ಎಂಟೂವರೆಯಿಂದ ಒಂಬತ್ತೂವರೆಯೊಳಗೆ ಬೀಳುತ್ತದೆ. ಶುಕ್ಲಪಕ್ಷವಾದರೂ ಕೃಷ್ಣಪಕ್ಷವಾದರೂ ಒಂದೇ. ನಿಮಗೆ ಬೇಕಾದ ದಿನ ಇದೇ. ಬೆಳಕು ಹರಿಯುವಾಗ, ಡಿಸೆಂಬರ್‌ನಲ್ಲಿ ಆರೂವರೆಗೆ, ಇನ್ನೂ ಏರುತ್ತಿರುವ ನೀರಿನ ಜೊತೆ ಮಿರ್ಜಾನ್ ದಿಕ್ಕಿಗೆ ತೇಲಿ ಹೋಗಿ. ತುದಿ ಮುಟ್ಟಿದ ನೀರು ಇಪ್ಪತ್ತು ಮೂವತ್ತು ನಿಮಿಷ ಅಲುಗದೆ ನಿಲ್ಲುತ್ತದೆ. ಆ ಹೊತ್ತಿಗೆ ಯಾವುದಾದರೂ ಕವಲಿನ ನೆರಳಲ್ಲಿ ಕುಳಿತಿರಿ. ಇಳಿತ ಶುರುವಾದ ಮೇಲೆ ಅದರ ಜೊತೆಗೇ ವಾಪಸು ಬನ್ನಿ. ಹತ್ತೂವರೆಯೊಳಗೆ ದಡ ಸೇರಿದ್ದರೆ ಒಳ್ಳೆಯದು. ಹನ್ನೊಂದರ ಮೇಲೆ ಪಡುವಣದಿಂದ ಕಡಲಗಾಳಿ ಏಳುತ್ತದೆ. ಕಡಲ ಕಡೆಗೆ ಓಡುವ ಇಳಿತದ ನೀರಿಗೂ ಕಡಲಿಂದ ಬರುವ ಗಾಳಿಗೂ ಎದುರುಬದುರಾಗಿ ಅಗಲವಾದ ಜಾಗದಲ್ಲೆಲ್ಲ ಗಿಡ್ಡ, ಚೂಪು ಅಲೆ ಏಳುತ್ತದೆ. ಕನೂ ದೋಣಿಯೊಳಕ್ಕೆ ನೀರು ನುಗ್ಗುವುದು ಆಗಲೇ.

ತಿಥಿಯ ಲೆಕ್ಕ ದಿನ ಆರಿಸಲಿಕ್ಕೆ ಮಾತ್ರ. ಹೊರಡುವ ಹಿಂದಿನ ದಿನ ಕಾರವಾರ ಬಂದರಿನ ಉಬ್ಬರ-ಇಳಿತದ ಪಟ್ಟಿ ನೋಡಲೇಬೇಕು. ಇಲ್ಲಿ ದಿನದ ಎರಡು ಉಬ್ಬರಗಳು ಸಮ ಎತ್ತರದವಲ್ಲ, ಯಾವುದು ದೊಡ್ಡದು ಎಂಬುದನ್ನು ಪಟ್ಟಿಯೇ ಹೇಳಬೇಕು. ಪಟ್ಟಿಯ ಹೊತ್ತು ಕಡಲ ಬಾಯಿಯದು, ನದಿಯ ಒಳಕ್ಕೆ ಹೋದಷ್ಟೂ ಉಬ್ಬರ ತಡವಾಗಿ ಮುಟ್ಟುತ್ತದೆ ಎಂಬುದೂ ನೆನಪಿರಲಿ. ನೀರು ಒಂದೇ ವೇಗದಲ್ಲಿ ಏರಿಳಿಯುವುದಿಲ್ಲ. ಆರು ತಾಸಿನ ಇಳಿತದಲ್ಲಿ ಮೊದಲ ತಾಸು ನಿಧಾನ, ಮೂರನೆಯ ನಾಲ್ಕನೆಯ ತಾಸಿಗೆ ಸೆಳೆತ ಜಾಸ್ತಿ. ಒಟ್ಟು ಇಳಿಯುವ ನೀರಿನ ಅರ್ಧ ಈ ಎರಡೇ ತಾಸಿನಲ್ಲಿ ಇಳಿದುಹೋಗುತ್ತದೆ. ಹೊಸಬರು ಆ ಹೊತ್ತಿಗೆ ನೀರಿನ ಮೇಲಿರಬಾರದು.

ಹುಣ್ಣಿಮೆ ಅಥವಾ ಅಮಾವಾಸ್ಯೆಯ ದಿನವೇ ರಜೆ ಸಿಕ್ಕಿದ್ದರೆ ಯೋಜನೆ ಬೇರೆ. ಅವತ್ತು ಬೆಳಗಿನ ಜಾವ ಐದರ ಸುಮಾರಿಗೆ ನೀರು ಪೂರ್ತಿ ಇಳಿದಿರುತ್ತದೆ, ಬೆಳಕಾಗುವಾಗ ಕೆಸರುಬಯಲು ಇನ್ನೂ ತೆರೆದಿರುತ್ತದೆ. ವಲಸೆ ಬಂದ ಗೊರವಗಳು, ಬಾಗಿದ ಉದ್ದ ಕೊಕ್ಕಿನ ಕರ್ಲ್ಯೂ, ಬಕ, ಬೆಳ್ಳಕ್ಕಿ ಎಲ್ಲ ಅಲ್ಲೇ ಮೇಯುತ್ತಿರುತ್ತವೆ. ನೀರು ಏರಿದಂತೆ ಬಯಲು ಕಿರಿದಾಗಿ ಹಕ್ಕಿಗಳು ಒತ್ತೊತ್ತಾಗಿ ಕೂಡಿಕೊಳ್ಳುತ್ತವೆ. ನೋಟಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಆದರೆ ಹಿಂದಿರುಗಲು ಇಳಿತ ಬೇಕೆಂದರೆ ಮಧ್ಯಾಹ್ನದವರೆಗೆ ಕಾಯಬೇಕು, ಅಷ್ಟರಲ್ಲಿ ಗಾಳಿ ಎದ್ದಿರುತ್ತದೆ. ಆದ್ದರಿಂದ ಆ ದಿನ ಒಂದೇ ದಿಕ್ಕಿನ ಪ್ರಯಾಣ ಇಟ್ಟುಕೊಂಡು ಮೇಲಿನ ದಡದಲ್ಲಿ ವಾಹನ ನಿಲ್ಲಿಸಿರಿ.

ಇನ್ನೊಂದು ವಿಷಯ ಎಷ್ಟೋ ಜನ ಮರೆಯುತ್ತಾರೆ. ಇಲ್ಲಿ ನದಿ ಹರಿಯುವುದು ಪಡುವಣಕ್ಕೆ. ಬೆಳಿಗ್ಗೆ ಮೇಲಕ್ಕೆ ಹೋಗುವಾಗ ಸೂರ್ಯ ನೇರ ಕಣ್ಣಿಗೆ ಹೊಡೆಯುತ್ತಾನೆ. ಎದುರಿನ ಹಕ್ಕಿ ಬರೀ ಕಪ್ಪು ನೆರಳಾಗಿ ಕಾಣುತ್ತದೆ, ನಿಮ್ಮ ಮುಖ ಮಾತ್ರ ಅದಕ್ಕೆ ದೀಪ ಹಚ್ಚಿದ ಹಾಗೆ ಕಾಣುತ್ತದೆ. ಹೋಗುವಾಗ ಎಡಬಲದ ದಡಗಳನ್ನೂ ಕವಲುಗಳ ನೆರಳನ್ನೂ ನೋಡಿಕೊಳ್ಳಿ. ಚಿತ್ರ ತೆಗೆಯುವ ಆಸೆ ಇದ್ದರೆ ವಾಪಸು ಬರುವಾಗ, ಸೂರ್ಯ ಬೆನ್ನಿಗಿದ್ದಾಗ ತೆಗೆಯಿರಿ.

ದೋಣಿಯ ಮಾತು. ಎರಡು ಅಲಗಿನ ಕಯಾಕ್ ಹುಟ್ಟು ವೇಗಕ್ಕೆ ಒಳ್ಳೆಯದು, ಸದ್ದಡಗಿಸಲು ಅಲ್ಲ. ಒಂದು ಅಲಗು ನೀರಲ್ಲಿದ್ದರೆ ಇನ್ನೊಂದು ಗಾಳಿಯಲ್ಲಿ ಗಿರಗಿಟ್ಟೆಯಂತೆ ತಿರುಗುತ್ತದೆ, ಅದರಿಂದ ನೀರು ತೊಟ್ಟಿಕ್ಕುತ್ತಲೇ ಇರುತ್ತದೆ. ಕನೂ ಮತ್ತು ಒಂದು ಅಲಗಿನ ಹುಟ್ಟನ್ನು ಆರಿಸಿಕೊಂಡಿದ್ದು ಸರಿ. ಮರದ ಹುಟ್ಟಾದರೆ ಇನ್ನೂ ಉತ್ತಮ, ಅಲ್ಯೂಮಿನಿಯಂ ಹಿಡಿಯದು ತಾಗಿದರೆ ಗಂಟೆ ಹೊಡೆದಂತಾಗುತ್ತದೆ. ಪ್ಲಾಸ್ಟಿಕ್ ಮೈಯ ದೋಣಿ ಡೋಲಿನ ಹಾಗೆ: ಒಳಗೆ ಸ್ಟೀಲ್ ಬಾಟಲಿ ಉರುಳಿದರೆ ಆ ಸದ್ದು ನೀರಿನ ಮೇಲೆ ದೂರದವರೆಗೆ ಓಡುತ್ತದೆ. ಯೋಗಾ ಚಾಪೆಯೊಂದನ್ನು ಕತ್ತರಿಸಿ ತಳಕ್ಕೆ ಹಾಸಿ. ಹುಟ್ಟು ಉಜ್ಜುವ ಕಡೆ, ಅಂದರೆ ನಿಮ್ಮ ಸೊಂಟದ ನೇರಕ್ಕೆ ಎರಡೂ ಬದಿಯ ಅಂಚಿಗೆ, ಒಂದೊಂದು ಮೊಳ ಚಾಪೆ ಸುತ್ತಿ ಬಿಗಿಯಿರಿ. ಬಾಟಲಿ, ಡಬ್ಬಿಗಳನ್ನು ಬಟ್ಟೆಯಲ್ಲಿ ಸುತ್ತಿ ಕಟ್ಟಿಡಿ. ವೆಲ್ಕ್ರೋ ಇರುವ ಚೀಲ ಬೇಡವೇ ಬೇಡ. ಅದನ್ನು ಕಿತ್ತ ಸದ್ದಿಗೆ ಮಿಂಚುಳ್ಳಿ ಕೂತಲ್ಲಿ ಕೂರುವುದಿಲ್ಲ. ಎಂಟು ಪಟ್ಟು ಹಿಗ್ಗಿಸಿ ತೋರಿಸುವ 8×42 ದುರ್ಬೀನು ಸಾಕು. ಹತ್ತು ಪಟ್ಟಿನದು ತೇಲುವ ದೋಣಿಯಲ್ಲಿ ಕೈಯ ನಡುಕವನ್ನೂ ಹತ್ತು ಪಟ್ಟು ಮಾಡುತ್ತದೆ.

ಬಟ್ಟೆ ಮಾಸಲು ಬಣ್ಣದ್ದಿರಲಿ. ಲೈಫ್ ಜಾಕೆಟ್ ಮಾತ್ರ ಕಿತ್ತಳೆ ಬಣ್ಣದ್ದಾದರೂ ಚಿಂತಿಸದೆ ಹಾಕಿಕೊಂಡು ಬಕಲ್ ಬಿಗಿಯಿರಿ. ಹಕ್ಕಿ ಎದ್ದುಹೋದೀತೆಂದು ಜಾಕೆಟ್ ಬಿಚ್ಚಿ ಕಾಲಡಿ ಇಟ್ಟುಕೊಳ್ಳುವವರನ್ನು ದೋಣಿಗೆ ಹತ್ತಿಸಬಾರದು. ಬಣ್ಣಕ್ಕಿಂತ ಅಲುಗಾಟವೇ ಹಕ್ಕಿಗೆ ಬೇಗ ಕಾಣುತ್ತದೆ.

ಹಗುರ ಇರುವವರು ಮುಂದೆ, ಭಾರ ಇರುವವರು ಹಿಂದೆ ಕೂರಬೇಕು. ಮೂತಿ ಭಾರವಾದರೆ ದೋಣಿ ಹಿಡಿದ ದಿಕ್ಕಿಗೆ ನಿಲ್ಲದೆ ಅಡ್ಡಾಡುತ್ತದೆ, ಅದನ್ನು ತಿದ್ದುವುದರಲ್ಲೇ ಸದ್ದಾಗುತ್ತದೆ. ಪ್ರಾಣಿ ಕಂಡ ಕೂಡಲೇ ಮುಂದಿನವರು ಹುಟ್ಟನ್ನು ಮಡಿಲಿಗೆ ಅಡ್ಡ ಇಟ್ಟುಕೊಂಡು ನೋಡುವುದಷ್ಟೇ ಮಾಡಬೇಕು. ದೋಣಿ ಹಿಂದಿನವರ ಪಾಲಿಗೆ. ಮಾತು ಬೇಡ, ಪಿಸುಮಾತೂ ಬೇಡ. ಅಂಗೈ ಕೆಳಗೆ ಮಾಡಿದರೆ ನಿಲ್ಲಿಸು, ಬೆರಳು ತೋರಿದ ಕಡೆ ನೋಡು ಎಂಬ ಎರಡು ಸನ್ನೆ ಸಾಕು, ಅವನ್ನೂ ಎದೆಯ ಕೆಳಗೇ ಮಾಡಿ.

ಇನ್ನು ಹುಟ್ಟು ಹಾಕುವ ಬಗೆ. ಕೆರೆಯಲ್ಲಿ ಒಂದು ಬೆಳಗ್ಗೆ ಅಭ್ಯಾಸ ಮಾಡಿದರೆ ಕೈಗೆ ಬರುತ್ತದೆ. ಇದರಲ್ಲಿ ಅಲಗು ನೀರಿನಿಂದ ಮೇಲೆ ಬರುವುದೇ ಇಲ್ಲ. ಮುಂದಕ್ಕೆ ಚಾಚಿ ಅಲಗನ್ನು ಚಾಕುವಿನ ಹಾಗೆ ಅಂಚಿನಿಂದ ನೀರಿಗೆ ಇಳಿಸಿ. ಚಪ್ಪಟೆಯಾಗಿ ಬಿದ್ದರೆ ಗುಳುಕ್ ಎನ್ನುತ್ತದೆ. ಅಲಗು ಪೂರ್ತಿ ಮುಳುಗಿದ ಮೇಲೆ ಸೊಂಟದವರೆಗೆ ಎಳೆಯಿರಿ, ಅದರಾಚೆ ಎಳೆಯಬೇಡಿ. ಅಲ್ಲಿ ಮೇಲಿನ ಕೈಯ ಹಿಡಿಯನ್ನು ಅಂಗೈಯೊಳಗೆ ಕಾಲು ಸುತ್ತು ತಿರುಗಿಸಿ. ಅಲಗಿನ ಅಂಚು ಈಗ ದೋಣಿಯ ಮೂತಿಯ ಕಡೆಗಿರುತ್ತದೆ. ಹಾಗೇ ನೀರನ್ನು ಸೀಳಿಕೊಂಡು ಮುಂದಕ್ಕೆ ತನ್ನಿ, ಮತ್ತೆ ತಿರುಗಿಸಿ ಎಳೆಯಿರಿ. ದೋಣಿ ಆಚೆ ಬದಿಗೆ ತಿರುಗತೊಡಗಿದರೆ ಎಳೆತದ ಕೊನೆಯಲ್ಲಿ ಅಲಗನ್ನು ದೋಣಿಯಿಂದ ಹೊರಕ್ಕೆ ಒಂದು ಗೇಣು ಒತ್ತಿದರೆ ಸಾಕು, ಬದಿ ಬದಲಿಸಬೇಕಿಲ್ಲ. ಅಂಚಿಗೆ ಹೊಡೆಯುತ್ತಿದ್ದರೆ ಕೆಳಗಿನ ಕೈ ತೀರ ಒಳಗಿದೆ ಎಂದರ್ಥ. ಭುಜ ನೋಯುತ್ತಿದ್ದರೆ ಜೋರಾಗಿ ಎಳೆಯುತ್ತಿದ್ದೀರಿ. ತೋಳು ಎದೆಯೆತ್ತರಕ್ಕಿಂತ ಮೇಲೇಳದೆ ದೋಣಿ ಸಾಗುತ್ತಿದ್ದರೆ ಅದು ಸರಿಯಾದ ವೇಗ.

ಯಾವ ಪ್ರಾಣಿಯ ಕಡೆಗೂ ದೋಣಿಯ ಮೂತಿಯನ್ನು ನೇರ ತಿರುಗಿಸಬೇಡಿ. ಹಕ್ಕಿಯ ಕಣ್ಣಿಗೆ ನೇರ ಬರುವುದೆಲ್ಲ ಬೇಟೆಗಾರನೇ. ಆಚೆ ಎಲ್ಲಿಗೋ ಹೋಗುತ್ತಿರುವವರಂತೆ ಓರೆಯಾಗಿ ತೇಲಿ. ಕೆಸರುಬಯಲಿನ ಗುಂಪಿಗೆ ಅರವತ್ತು ಮೀಟರ್‌ಗಿಂತ ಹತ್ತಿರ ಹೋಗುವ ಅಗತ್ಯವೇ ಇಲ್ಲ. ಒಂಟಿ ಮಿಂಚುಳ್ಳಿ ತೇಲುವ ದೋಣಿಯನ್ನು ಇಪ್ಪತ್ತು ಮೀಟರ್‌ವರೆಗೂ ಸಹಿಸಿಕೊಳ್ಳಬಹುದು. ಆದರೆ ಮೀಟರ್‌ಗಿಂತ ಹಕ್ಕಿಯ ನಡವಳಿಕೆಯೇ ಒಳ್ಳೆಯ ಅಳತೆ. ಮೇಯುತ್ತಿದ್ದದ್ದು ನಿಲ್ಲಿಸಿ ಕತ್ತು ಉದ್ದ ಮಾಡಿತೆಂದರೆ ಮೊದಲ ಎಚ್ಚರಿಕೆ, ಆಗಲೇ ಹುಟ್ಟು ನಿಲ್ಲಿಸಿ. ಮೇಯದೆ ಒಂದೇ ದಿಕ್ಕಿಗೆ ನಡೆಯತೊಡಗಿತೆಂದರೆ ನೀವು ಗಡಿ ದಾಟಿದ್ದೀರಿ, ಹಿಂದೆ ಸರಿಯಿರಿ. ಸಾವಿರಾರು ಕಿಲೋಮೀಟರ್ ಹಾರಿ ಬಂದ ಗೊರವಕ್ಕೆ ಮೇಯಲು ಸಿಗುವುದು ಇಳಿತದ ಕೆಲವೇ ತಾಸು. ಅದರಲ್ಲಿ ಹತ್ತು ಸಲ ಎಬ್ಬಿಸಿದರೆ ಅದರ ಹೊಟ್ಟೆಗೆ ಹೊಡೆದಂತೆ. ಚಿತ್ರಕ್ಕಾಗಿ ಗುಂಪನ್ನು ಹಾರಿಸುವುದಂತೂ ಅಕ್ಷಮ್ಯ. ಮರದ ತುದಿಯಲ್ಲಿ ಕಡ್ಡಿಗಳ ದೊಡ್ಡ ಗೂಡು ಕಂಡರೆ ಅದು ಬಿಳಿ ಹೊಟ್ಟೆಯ ಕಡಲ ಹದ್ದಿನದ್ದಿರಬಹುದು. ನಿಲ್ಲದೆ ಆಚೆ ದಡಕ್ಕೆ ಸರಿದು ಹೋಗಿ.

ನಿಮ್ಮ ಮೌನ ಎಷ್ಟು ಗಟ್ಟಿ ಎಂದು ತಿಳಿಯಲು ಏಡಿಗಳೇ ಪರೀಕ್ಷಕರು. ಕಾಂಡ್ಲಾ ಬುಡದ ಕೆಸರುದಂಡೆಗೆ ಎರಡು ಮಾರು ದೂರದಲ್ಲಿ, ಹುಟ್ಟನ್ನು ತಳಕ್ಕೆ ಊರಿ ದೋಣಿ ನಿಲ್ಲಿಸಿ. ಮೊದಲಿಗೆ ಬರೀ ತೂತುಗಳು ಕಾಣುತ್ತವೆ, ಬೆರಳು ಹೋಗುವಷ್ಟು ದೊಡ್ಡವು. ಅಲುಗದೆ ಕುಳಿತರೆ ನಾಲ್ಕೈದು ನಿಮಿಷದಲ್ಲಿ ಒಂದು ತೂತಿನ ಬಾಯಲ್ಲಿ ಕಡ್ಡಿಯಂಥ ಎರಡು ಕಣ್ಣು ಏಳುತ್ತವೆ. ಆಮೇಲೆ ಮೈ, ಆಮೇಲೆ ಮೈಯಷ್ಟೇ ದೊಡ್ಡ ಒಂದೇ ಒಂದು ಕೊಂಡಿ. ಗಂಡು ಆ ಕೊಂಡಿಯನ್ನು ಎತ್ತಿ ಇಳಿಸಿ ಬೀಸತೊಡಗುತ್ತದೆ. ಪಕ್ಕದ ತೂತಿನದೂ ಬೀಸುತ್ತದೆ. ಕೊಂಡಿ ಸಣ್ಣದಿರುವ ಹೆಣ್ಣು ಎರಡೂ ಕೈಯಿಂದ ಕೆಸರು ಬಾಯಿಗಿಟ್ಟು, ಸಾರ ಹೀರಿ, ಉಂಡೆ ಮಾಡಿ ಉಗುಳುತ್ತದೆ. ಉಸಿರುಬೇರುಗಳ ನಡುವೆ ರೆಕ್ಕೆಯೂರಿ ತೆವಳುವ ಕೆಸರುಮೀನು ಪಚಕ್ಕನೆ ಜಿಗಿಯುತ್ತದೆ. ಇಷ್ಟು ನಡೆಯುವ ದಂಡೆಗೆ ಮಿಂಚುಳ್ಳಿ ತಾನಾಗಿ ಬಂದು ಕೂರುತ್ತದೆ. ಏಡಿಗಳೆಲ್ಲ ಒಂದೇ ಕ್ಷಣಕ್ಕೆ ಮಾಯವಾದರೆ ಯಾರೋ ಕೈ ಎತ್ತಿದ್ದಾರೆ, ಇಲ್ಲವೇ ಮೇಲೆ ಗರುಡ ಹಾದಿದೆ.

ನೀರುನಾಯಿ ಕಾಣುವುದು ಅದೃಷ್ಟದ ಮಾತು, ಆದರೆ ಅದರ ಗುರುತು ಹುಡುಕಿ ಕಾಯಬಹುದು. ಗಜನಿ ಕಟ್ಟೆಯ ಮೇಲೋ ಬಂಡೆಯ ಮೇಲೋ ಮೀನಿನ ಚಿಪ್ಪು, ಮುಳ್ಳು, ಏಡಿ ಚೂರು ತುಂಬಿದ, ಮೀನುವಾಸನೆಯ ಹಿಕ್ಕೆ ಒಂದೇ ಜಾಗದಲ್ಲಿ ರಾಶಿ ಬಿದ್ದಿದ್ದರೆ ಅದು ಅವು ಬಂದುಹೋಗುವ ತಾಣ. ನೀರಿನಲ್ಲಿ ಬಾಣದ ತುದಿಯಂಥ ಅಲೆ, ಗುಳ್ಳೆಗಳ ಸಾಲು, ಸಿಳ್ಳೆಯಂಥ ಕೂಗು ಕೇಳಿದರೆ ಅಲ್ಲೇ ನಿಂತು ದಡದ ನೆರಳಿಗೆ ಸರಿಯಿರಿ, ಹಿಂಬಾಲಿಸಬೇಡಿ. ಗುಂಪಾಗಿ ಬೇಟೆಯಾಡುವ ಅವು ಮೀನನ್ನು ದಡದ ಕಡೆಗೆ ಅಟ್ಟುತ್ತ ಬರುತ್ತವೆ, ನಿಂತವರ ಮುಂದೆಯೇ ಹಾದುಹೋಗುವುದುಂಟು. ಕತ್ತು ನೆಟ್ಟಗೆ ಎತ್ತಿ, ತಲೆ ಅಲ್ಲಾಡಿಸಿ ಬುಸುಗುಟ್ಟಿದರೆ ಮರಿಗಳಿವೆ ಎಂದು ತಿಳಿದು ಹಿಂದಕ್ಕೆ ಹೋಗಿ. ಬೆಳಗಿನ ಮೊದಲ ಎರಡು ತಾಸು ಇದಕ್ಕೆ ತಕ್ಕ ಹೊತ್ತು.

ಕೆಸರಿನ ವಿಷಯಕ್ಕೆ ಬರುತ್ತೇನೆ. ಏರುವ ನೀರಿನಲ್ಲಿ ತಳ ತಾಗಿದರೆ ಹತ್ತು ನಿಮಿಷ ಸುಮ್ಮನೆ ಕೂರಿ, ನೀರೇ ಎತ್ತಿಕೊಳ್ಳುತ್ತದೆ. ಇಳಿಯುವ ನೀರಿನಲ್ಲಿ ತಾಗಿದರೆ ಆ ಹತ್ತು ನಿಮಿಷದಲ್ಲೇ ಬಿಡಿಸಿಕೊಳ್ಳಬೇಕು, ಇಲ್ಲವಾದರೆ ಮುಂದಿನ ಉಬ್ಬರದವರೆಗೆ ನಾಲ್ಕೈದು ತಾಸು ಬಿಸಿಲಲ್ಲಿ ಕೂರಬೇಕಾಗುತ್ತದೆ. ಇಬ್ಬರೂ ಭಾರವನ್ನು ತಾಗದ ತುದಿಗೆ ಸರಿಸಿ, ಅಲಗನ್ನು ಚಪ್ಪಟೆಯಾಗಿ ಕೆಸರಿನ ಮೇಲಿಟ್ಟು, ಬಂದ ದಾರಿಗೇ ಹಿಂದಕ್ಕೆ ತಳ್ಳಿ. ಇಳಿದು ತಳ್ಳಲು ಹೋಗಬೇಡಿ. ಮೊಣಕಾಲು ಮುಳುಗಿದ ಮೇಲೆ ಇನ್ನೊಂದು ಕಾಲನ್ನು ಊರಲು ಗಟ್ಟಿ ನೆಲ ಸಿಗುವುದಿಲ್ಲ, ಸಿಂಪಿ ಚಿಪ್ಪು ಪಾದ ಸೀಳುತ್ತದೆ. ಇಳಿತ ಅರ್ಧವಾಗುವ ಮೊದಲೇ ಸಣ್ಣ ಕವಲುಗಳಿಂದ ಹೊರಬಂದುಬಿಡುವುದೇ ನಿಜವಾದ ಪರಿಹಾರ.

ಜೋಲುವ ಕೊಂಬೆ ಹಿಡಿದು ದೋಣಿ ನಿಲ್ಲಿಸುವ ಅಭ್ಯಾಸವೂ ಇಲ್ಲಿ ಬೇಡ. ಕಾಂಡ್ಲಾ ಅಂಚಿನಲ್ಲಿ ಬೆಳೆಯುವ ಎಕ್ಸೊಕೇರಿಯಾ ಮರದ ಎಲೆ ಮುರಿದರೆ ಬಿಳಿ ಹಾಲು ಬರುತ್ತದೆ. ಅದು ಕಣ್ಣಿಗೆ ತಾಗಿದರೆ ಉರಿದು ತಾತ್ಕಾಲಿಕವಾಗಿ ದೃಷ್ಟಿಯೇ ಮಂಕಾಗಬಹುದು. ತಾಗಿದರೆ ಕುಡಿಯುವ ನೀರಿನಿಂದ ಹದಿನೈದು ನಿಮಿಷ ತೊಳೆದು ವೈದ್ಯರ ಬಳಿ ಹೋಗಬೇಕು. ಇದಕ್ಕೂ ಸೇರಿ ತಲೆಗೆರಡು ಲೀಟರ್ ನೀರು ಒಯ್ಯಿರಿ. ಜೊತೆಗೆ ಸೀಟಿ, ಹತ್ತು ಮೀಟರ್ ಹಗ್ಗ, ನೀರು ತೋಡಲು ಮಗ್ಗು, ಇನ್ನೊಂದು ಹುಟ್ಟು, ಜಲನಿರೋಧಕ ಚೀಲದಲ್ಲಿ ಫೋನು ಇರಲಿ.

ಜೀವಕ್ಕೆ ಅಪಾಯವಿರುವುದು ಮೂರು ಕಡೆ. ತದಡಿ ಮತ್ತು ಅಘನಾಶಿನಿ ಊರಿನ ನಡುವೆ ದೋಣಿ ದಾಟುವ ಸಾಲಿನಿಂದ ಪಡುವಣಕ್ಕೆ ಯಾವ ಕಾರಣಕ್ಕೂ ಹೋಗಬಾರದು. ಇಳಿತದ ಸೆಳೆತ ಅಲ್ಲಿಂದ ನೇರ ಕಡಲಿಗೆ ಒಯ್ಯುತ್ತದೆ, ಅಳಿವೆಯ ಬಾಯಲ್ಲಿ ಅಲೆ ಮುರಿಯುತ್ತದೆ. ಗಜನಿ ಕಟ್ಟೆಯ ತೂಬಿನ ಬಾಗಿಲು ತೆರೆದಿದ್ದರೆ ನೀರು ಅದರೊಳಕ್ಕೆ ದಬದಬನೆ ನುಗ್ಗುತ್ತದೆ, ಮೂವತ್ತು ಮೀಟರ್ ದೂರ ಇರಿ. ಮೂರನೆಯದು ಗೂಟಕ್ಕೆ ಕಟ್ಟಿದ ಬಲೆ: ಹರಿವು ದೋಣಿಯನ್ನು ಅಡ್ಡಲಾಗಿ ಅದಕ್ಕೆ ಒತ್ತಿದರೆ ಮಗುಚುವುದು ಖಚಿತ, ಬಲೆಯಲ್ಲಿ ಕಾಲು ಸಿಕ್ಕರೆ ಜಾಕೆಟ್ ಕೂಡ ಕಾಯುವುದಿಲ್ಲ. ಮುಂಜಾನೆ ಬಲೆ ಎಲ್ಲೆಲ್ಲಿದೆ ಎಂದು ದಡದಲ್ಲಿ ಕೇಳಿಕೊಂಡೇ ಹೊರಡಿ. ದೊಡ್ಡ ದೋಣಿ ಹಾದಾಗ ಅದರ ಅಲೆಗೆ ಮೂತಿಯನ್ನು ಓರೆಯಾಗಿ ಕೊಡಿ, ಮಗ್ಗುಲು ಕೊಡಬೇಡಿ.

ಈ ಕಾರಣಕ್ಕೇ ಮೊದಲ ದಿನ ಸ್ಥಳೀಯ ಮೀನುಗಾರರೊಬ್ಬರ ಪಾತಿ ದೋಣಿಯಲ್ಲಿ, ಅವರಿಗೆ ದಿನದ ದುಡಿಮೆಗೆ ತಕ್ಕಷ್ಟು ಕೊಟ್ಟು, ಒಂದು ಸುತ್ತು ಹೋಗಿ ಬನ್ನಿ. ಯಾವ ಕವಲಿನಲ್ಲಿ ಎಷ್ಟು ಹೊತ್ತು ನೀರು ನಿಲ್ಲುತ್ತದೆ, ಮರಳುದಿಬ್ಬ ಈ ವರ್ಷ ಎಲ್ಲಿಗೆ ಸರಿದಿದೆ ಎಂಬುದು ಯಾವ ನಕ್ಷೆಯಲ್ಲೂ ಇರುವುದಿಲ್ಲ. ಮಳೆಗಾಲದ ನೀರು ದಿಬ್ಬಗಳನ್ನು ವರ್ಷವರ್ಷವೂ ಸರಿಸುತ್ತದೆ. ಇಳಿತದಲ್ಲಿ ಸೊಂಟದ ನೀರಿನಲ್ಲಿ ಬಳಚು ಆಯುವ ಹೆಂಗಸರು ಎದುರಾದರೆ ಕ್ಯಾಮೆರಾ ಕೆಳಗಿಟ್ಟು ದೂರದಿಂದ ಹಾದುಹೋಗಿ, ಅದು ಅವರ ಕೆಲಸದ ಜಾಗ. ಹೊರಡುವ ಮುಂಚೆ ಅರಣ್ಯ ಇಲಾಖೆಯ ಹತ್ತಿರದ ಕಚೇರಿಯಲ್ಲೂ ಕರಾವಳಿ ಕಾವಲು ಪೊಲೀಸರಲ್ಲೂ ಕೇಳಿ, ಅನುಮತಿ ಬೇಕಿದ್ದರೆ ಪಡೆದು, ಮರಳುವ ಹೊತ್ತನ್ನು ತಿಳಿಸಿ.

ಇಲ್ಲಿ ಕಲಿತದ್ದನ್ನು ಬೇರೆ ನದಿಗೆ ಹಾಗೇ ಒಯ್ಯಬೇಡಿ. ದಾಂಡೇಲಿಯ ಸುತ್ತ ಕಾಳಿ ನದಿಯಲ್ಲಿ ಮೊಸಳೆಗಳಿವೆ, ಮೇಲೆ ಸೂಪಾ ಅಣೆಕಟ್ಟಿದೆ. ದಡದ ಬುಡದಲ್ಲಿ ಸದ್ದಿಲ್ಲದೆ ತೇಲುವ ಸಣ್ಣ ದೋಣಿ ಅಲ್ಲಿ ನಿಮಗೂ ಮೊಸಳೆಗೂ ಕೇಡು. ರಂಗನತಿಟ್ಟಿನಲ್ಲಿ ಅರಣ್ಯ ಇಲಾಖೆಯ ದೋಣಿಯೇ ದಾರಿ, ಅಲ್ಲೂ ಮೊಸಳೆ ಬಂಡೆಯ ಮೇಲೆ ಬಾಯಿ ತೆರೆದು ಮಲಗಿರುತ್ತದೆ. ತುಂಗಭದ್ರೆಯಲ್ಲಿ ಅಣೆಕಟ್ಟಿನ ಕೆಳಗಿನಿಂದ ಕಂಪ್ಲಿ ಸೇತುವೆಯವರೆಗಿನ 34 ಕಿಲೋಮೀಟರ್ ಹರಿವು 2015ರಿಂದ ನೀರುನಾಯಿಗಳ ಸಂರಕ್ಷಿತ ತಾಣ. ಅಲ್ಲಿ ದಡದ ಬಂಡೆಯ ಮೇಲೆ ದುರ್ಬೀನು ಹಿಡಿದು ಬೆಳಗಿನ ಎರಡು ತಾಸು ಕೂತರೆ ಸಾಕು, ನೀರಿಗಿಳಿಯಬೇಕಿಲ್ಲ.